ನೀರು ನೋಡುವುದು

ಮಗ ಅಮೆರಿಕದಿಂದ ಮೀನು ಹುಡುಕುವ ಯಂತ್ರ ತಂದುಕೊಟ್ಟ. ಅದು ನೀರೊಳಗೆ ಶಬ್ದದ ಅಲೆ ಕಳಿಸುತ್ತದೆ. ಮೀನಿನೊಳಗಿನ ಗಾಳಿಚೀಲಕ್ಕೆ ತಾಗಿ ಮರಳಿದ ಸದ್ದು ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಗಾಳ ಅಲ್ಲಿಗೇ ಇಳಿಸಿದರಾಯ್ತು. ಇದರಲ್ಲಿ ತಪ್ಪೇನು?

ಹೊಟ್ಟೆಪಾಡಿಗೆ ಮೀನು ಹಿಡಿಯುವವನಿಗೆ ಖಂಡಿತ ತಪ್ಪಲ್ಲ. ಬುಟ್ಟಿ ಖಾಲಿಯಾದರೆ ಅವನ ಮನೆಯ ಒಲೆ ಉರಿಯದು. ನನ್ನ ಮಾತು ಬೇರೆ. ನಾನು ಪಿಂಚಣಿದಾರ; ಮೀನು ಸಿಗದಿದ್ದರೂ ರಾತ್ರಿ ಊಟಕ್ಕೆ ತೊಂದರೆಯಿಲ್ಲ.

ವರ್ಗವಾಗಿ ಹೈದರಾಬಾದಿಗೆ ಬಂದ ಹೊಸದರಲ್ಲಿ ನನಗೆ ತೆಲುಗು ಬರುತ್ತಿರಲಿಲ್ಲ. ಭಾನುವಾರ ಊರಾಚೆಯ ಕೆರೆ ದಂಡೆಯಲ್ಲಿ ಕೂರುತ್ತಿದ್ದೆ. ಅಲ್ಲಿನ ಮುದುಕರೊಬ್ಬರು ಕೈಸನ್ನೆಯಲ್ಲೇ ಕೊರಮೀನಿನ ಗುಟ್ಟು ಹೇಳಿಕೊಟ್ಟರು. ಮೃಗಶಿರದ ಹೊತ್ತಿಗೆ ಬತ್ತಿನಿ ಮನೆತನದವರು ಉಬ್ಬಸದವರಿಗೆ ಮದ್ದಿಟ್ಟು ನುಂಗಿಸುವುದು ಇದರ ಮರಿಯನ್ನೇ. ಗಾಳಿ ಕುಡಿಯಲು ಅದು ಮೇಲೆ ಬರಲೇಬೇಕು. ಜೊಂಡಿನ ಪಕ್ಕ ಗುಳ್ಳೆ ಏಳುವುದನ್ನು ಕಾಯಬೇಕು, ನಮ್ಮ ನೆರಳು ನೀರಿಗೆ ಬೀಳಬಾರದು. ಹಾಗೆ ಕಾಯುತ್ತಲೇ ನನಗೆ ಈ ಊರಿನ ಗಾಳಿ, ಮಳೆ, ಜನ ಪರಿಚಯವಾದದ್ದು.

ಮೊನ್ನೆ ಯಂತ್ರ ನೋಡಿ ಗಾಳ ಹಾಕಿದೆ. ದೊಡ್ಡ ಕಾಟ್ಲಾ ಸಿಕ್ಕಿತು. ಮನೆಗೆ ಬಂದಾಗ ಹೆಂಡತಿ, “ಕೆರೆ ತುಂಬಿದೆಯೇನ್ರೀ?” ಅಂದಳು. ಹೇಳಲು ಗೊತ್ತಾಗಲಿಲ್ಲ, ನಾನು ಕೆರೆಯನ್ನು ನೋಡಿಯೇ ಇರಲಿಲ್ಲ.

ಮೀನಿಗೆ ಮೋಸವಾಯಿತೋ ಇಲ್ಲವೋ, ವಾದಿಸಬಹುದು. ಆದರೆ ಅನ್ನ ಕೊಟ್ಟ ಪರಊರನ್ನು ಕಣ್ತುಂಬ ನೋಡುವುದೂ ಒಂದು ಋಣವಲ್ಲವೆ? ಅದನ್ನು ಯಂತ್ರ ತೀರಿಸಲಾರದು.