ಊರು ಉಳಿದದ್ದಕ್ಕೆ ಸಿಟ್ಟಾದ ಪ್ರವಾದಿ

ಭಾನುವಾರದ ಆರಾಧನೆಯ ಸಂದೇಶ. ವೇದಭಾಗ: ಯೋನ 3 ಮತ್ತು 4ನೇ ಅಧ್ಯಾಯಗಳು

  

ಸತ್ಯವೇದ ತಂದಿರುವವರು ಯೋನನ ಪುಸ್ತಕ ತೆಗೆಯಿರಿ. ಓಬದ್ಯ ಆದ ಮೇಲೆ, ಮೀಕಕ್ಕೆ ಮುಂಚೆ ಇದೆ. ಚಿಕ್ಕ ಪುಸ್ತಕ. ನಾಲ್ಕೇ ಅಧ್ಯಾಯ, 48 ವಚನ. ಮೀನಿನ ಹೊಟ್ಟೆಯ ಕಥೆ ಸಂಡೇ ಸ್ಕೂಲ್ ಮಕ್ಕಳಿಗೂ ಗೊತ್ತು. ಇವತ್ತು ಮೀನು ಬೇಡ. ಮೀನು ಅವನನ್ನು ದಡಕ್ಕೆ ಕಕ್ಕಿದ ಮೇಲೆ ಏನಾಯಿತು ಅನ್ನೋದನ್ನ ನೋಡೋಣ.

ಅದಕ್ಕೆ ಮುಂಚೆ ನಾನೊಂದು ವಿಷಯ ಒಪ್ಪಿಕೊಳ್ಳಬೇಕು. 2019ರಲ್ಲಿ ನಾನು ಬೆಂಗಳೂರಿನಲ್ಲಿ ನೈಟ್ ಶಿಫ್ಟ್ ಕೆಲಸ ಮಾಡ್ತಿದ್ದೆ. ವಿಶ್ವಾಸಿಗಳ ಮನೆಯಲ್ಲಿ ಹುಟ್ಟಿದವನೇ, ಆದರೆ ಆಗ ಹಿಂಜಾರಿದ್ದೆ. ಭಾನುವಾರ ಸಭೆಗೆ ಹೋಗದೆ ನಿದ್ದೆ ಮಾಡ್ತಿದ್ದ ಕಾಲ ಅದು. ಮೇ 20, ಸೋಮವಾರ, ಬೆಳಗ್ಗೆ ಆರೂವರೆ. ಶಿಫ್ಟ್ ಮುಗಿಸಿ ಬಂದ ನಾವು ಐದು ಜನ ಹುಡುಗರು ಒಂದು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆವು. ಅಮೇರಿಕದಲ್ಲಿ ಆಗ ಭಾನುವಾರ ರಾತ್ರಿ 9 ಗಂಟೆ. ಅಲ್ಲಿ ಟೀವಿಯಲ್ಲಿ ಬರುವ ಹೊತ್ತಿಗೇ ಇಲ್ಲಿ ಹಾಟ್‌ಸ್ಟಾರ್‌ನಲ್ಲೂ ಬರ್ತಿತ್ತು. ಗೇಮ್ ಆಫ್ ಥ್ರೋನ್ಸ್ ಅನ್ನೋ ಧಾರಾವಾಹಿಯ ಕೊನೆಯ ಎಪಿಸೋಡು.

ಹಿಂದೆ ಕೂತಿರುವ ಹುಡುಗರು ತಲೆ ಎತ್ತಿದಿರಿ, ನೋಡಿದೆ. ನೀವೂ ಹೋಗಿ ನೋಡಿ ಅಂತ ನಾನು ಹೇಳ್ತಿಲ್ಲ. ವಿಶ್ವಾಸಿಯಾದವನು ನೋಡಬಾರದ್ದು ಅದರಲ್ಲಿ ತುಂಬಾ ಇದೆ. ಆದರೆ ನಾನು ನೋಡಿದ್ದು ನಿಜ, ಅದನ್ನ ಮುಚ್ಚಿಟ್ಟು ಇಲ್ಲಿ ನಿಂತು ಬೋಧಿಸೋದಿಲ್ಲ. ನಮ್ಮ ಸಭೆಯ ತಾಯಂದಿರೂ ಹಾಗೇ ಅಲ್ವಾ, ಸೀರಿಯಲ್ ನೋಡೋದೇ ಇಲ್ಲ ಪಾಸ್ಟರ್ ಅಂತಾರೆ, ಯಾವ ಸೊಸೆಗೆ ಯಾವ ಅತ್ತೆ ವಿಷ ಹಾಕಿದ್ಲು ಅನ್ನೋದು ಮಾತ್ರ ಸರಿಯಾಗಿ ಗೊತ್ತಿರುತ್ತೆ. ನಗಿ, ಪರವಾಗಿಲ್ಲ.

ಗೊತ್ತಿಲ್ಲದವರಿಗಾಗಿ ಕಥೆ ಸ್ವಲ್ಪ ಹೇಳ್ತೀನಿ. 2011ರಲ್ಲಿ ಶುರುವಾಗಿ 8 ವರ್ಷ, 73 ಎಪಿಸೋಡು ನಡೆಯಿತು. ಒಂದು ಸಿಂಹಾಸನ, ಅದಕ್ಕಾಗಿ ಹೊಡೆದಾಡುವ ಹಲವು ಮನೆತನಗಳು. ಅದರಲ್ಲಿ ಡನೇರಿಸ್ ಅಂತ ಒಬ್ಬ ರಾಣಿ. ಅವಳ ಮನೆತನದವರನ್ನ ಕೊಂದು ಸಿಂಹಾಸನ ಕಿತ್ತುಕೊಂಡಿರ್ತಾರೆ. ಇವಳು ಪರದೇಶದಲ್ಲಿ ಬೆಳೆದು, ಗುಲಾಮರ ಸಂಕೋಲೆ ಬಿಡಿಸಿ, ಜನರ ಪ್ರೀತಿ ಗಳಿಸ್ತಾಳೆ. ಅವಳ ಹತ್ತಿರ ಬೆಂಕಿ ಉಗುಳುವ ಡ್ರ್ಯಾಗನ್ ಇರ್ತವೆ. ನೋಡೋರಿಗೆ ಅವಳು ಎಷ್ಟು ಇಷ್ಟ ಆಗಿದ್ದಳು ಅಂದ್ರೆ, ಅವಳಿಗಿದ್ದ ಖಲೀಸಿ ಅನ್ನೋ ಬಿರುದನ್ನ ಅಮೇರಿಕದಲ್ಲಿ 2018 ಒಂದೇ ವರ್ಷ 500ಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಹೆಸರಾಗಿ ಇಟ್ಟರು.

ಕೊನೆಯ ಎಪಿಸೋಡಿಗೆ ಒಂದು ವಾರ ಮುಂಚೆ ಏನಾಯಿತು? ಅವಳ ಸೈನ್ಯ ರಾಜಧಾನಿಯ ಬಾಗಿಲು ಒಡೆದು ಒಳಗೆ ಬಂತು. ಊರಿನ ಸೈನಿಕರು ಕತ್ತಿ ಕೆಳಗೆ ಹಾಕಿದರು. ನಾವು ಶರಣಾದೆವು ಅಂತ ಗಂಟೆ ಬಾರಿಸಿದರು. ಅವಳು ಡ್ರ್ಯಾಗನ್ ಮೇಲೆ ಕೂತು ಆ ಗಂಟೆ ಕೇಳಿಸಿಕೊಂಡಳು. ಆಮೇಲೂ ಊರಿಗೆ ಬೆಂಕಿ ಹಾಕಿದಳು. ಬೀದಿಯಲ್ಲಿ ಓಡ್ತಿದ್ದ ತಾಯಂದಿರು, ಮಕ್ಕಳು, ಎಲ್ಲರೂ ಸುಟ್ಟುಹೋದರು.

ಜನ ಹುಚ್ಚೆದ್ದು ಹೋದರು. ನಮ್ಮ ರಾಣಿ ಇಂಥವಳಲ್ಲ, ಬರೆದವರು ಕೆಡಿಸಿಬಿಟ್ಟರು ಅಂದರು. ಮೊದಲೆಲ್ಲ ಒಂದೊಂದು ಸೀಸನ್‌ಗೆ 10 ಎಪಿಸೋಡು ಇತ್ತು, ಕೊನೆಗೆ ಬರೀ 6 ಮಾಡಿ ಅವಸರದಲ್ಲಿ ಮುಗಿಸಿದರು ಅನ್ನೋದು ಅವರ ದೂರು. ಇಲ್ಲ, ಅವಳೊಳಗೆ ಆ ಬೆಂಕಿ ಮೊದಲಿಂದಲೂ ಇತ್ತು, ನೀವೇ ಗಮನಿಸಲಿಲ್ಲ ಅಂದವರೂ ಇದ್ದರು. ಚೇಂಜ್ ಡಾಟ್ ಆರ್ಗ್‌ನಲ್ಲಿ ಒಂದು ಮನವಿ ಇತ್ತು: ಕೊನೆಯ ಸೀಸನ್ನನ್ನು ಬೇರೆ ಬರಹಗಾರರ ಕೈಯಲ್ಲಿ ಮತ್ತೆ ಮಾಡಿಸಿ. 18 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಆ ಸೋಮವಾರ ಬೆಳಗ್ಗೆ ಕೊನೆಯ ಎಪಿಸೋಡು ಮುಗಿದ ಮೇಲೆ ನಮ್ಮ ರೂಮಿನಲ್ಲಿ ಯಾರೂ ಅರ್ಧ ಗಂಟೆ ಮಾತಾಡಲಿಲ್ಲ. ಆಮೇಲೆ ಒಬ್ಬ ಫೋನ್ ತೆಗೆದ. ನಾನೂ ನನ್ನ ಹೆಸರು ಹಾಕಿದೆ. ಏನೂ ಬದಲಾಗಲಿಲ್ಲ. ಆ ಕೊನೆ ಹಾಗೇ ಉಳಿಯಿತು.

ಈಗ ಯೋನನ ಹತ್ತಿರ ಬರೋಣ. ಮೂರು ಮಾತು ಹೇಳಿ ಮುಗಿಸ್ತೀನಿ.

ಮೊದಲನೆಯದು, ಯೋನನು ನೋಡೋದಕ್ಕೆ ಕೂತ.

ನಾಲ್ಕನೇ ಅಧ್ಯಾಯ, ಐದನೇ ವಚನ ಗಮನಿಸಿ. ಸಾರಿದ್ದಾಯಿತು. ಇನ್ನು 40 ದಿನದಲ್ಲಿ ನಿನೆವೆ ಕೆಡವಲ್ಪಡುತ್ತೆ ಅಂತ ಬೀದಿಬೀದಿಯಲ್ಲಿ ಹೇಳಿದ್ದಾಯಿತು. ಕೆಲಸ ಮುಗಿದವನು ಮನೆಗೆ ಹೋಗಬೇಕಲ್ವಾ? ಇವನು ಹೋಗಲಿಲ್ಲ. ಪಟ್ಟಣದ ಪೂರ್ವ ದಿಕ್ಕಿಗೆ ಹೋಗಿ, ಗುಡಿಸಲು ಹಾಕಿಕೊಂಡು, ನೆರಳಲ್ಲಿ ಕೂತ. ಯಾಕೆ? ಊರಿಗೆ ಏನಾಗುತ್ತೋ ನೋಡೋಣ ಅಂತ. ಕೊನೆಯ ಎಪಿಸೋಡು ನೋಡೋದಕ್ಕೆ ಕೂತ!

ಅವನ ಸಿಟ್ಟಿಗೆ ಕಾರಣ ಇತ್ತು, ದೇವಜನರೇ. ಯೋನನನ್ನು ಬೈಯೋದು ಸುಲಭ. ನಿನೆವೆ ಅಶ್ಶೂರರ ಪಟ್ಟಣ. ಇವತ್ತಿನ ಇರಾಕಿನ ಮೊಸುಲ್ ಊರಿನ ಪಕ್ಕ ಅದರ ಅವಶೇಷ ಇದೆ. ಆ ಜನ ಗೆದ್ದ ಊರುಗಳಲ್ಲಿ ಮಾಡ್ತಿದ್ದ ಕ್ರೌರ್ಯವನ್ನ ತಮ್ಮ ಅರಮನೆಯ ಕಲ್ಲುಗಳ ಮೇಲೆ ತಾವೇ ಕೆತ್ತಿಸಿ ಇಟ್ಟುಕೊಂಡಿದ್ದರು. ಅಂಥವರು ನಾಶ ಆಗಲಿ ಅಂತ ಯೋನ ಬಯಸಿದ್ದು ಆಶ್ಚರ್ಯ ಅಲ್ಲ.

ನನಗೂ ಒಂದು ನಿನೆವೆ ಇತ್ತು. ಈ ಮಾತನ್ನ ಅವರ ಅನುಮತಿ ಕೇಳಿಯೇ ಹೇಳ್ತಿದ್ದೀನಿ. ನನ್ನ ಸ್ವಂತ ಚಿಕ್ಕಪ್ಪ. ನಮ್ಮಪ್ಪ ಕಾಯಿಲೆ ಬಿದ್ದಾಗ, ಸಾಲಕ್ಕೆ ಜಾಮೀನು ಅಂತ ಹೇಳಿ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಒಂದೂವರೆ ಎಕರೆ ತೆಂಗಿನ ತೋಟ. ಪಹಣಿಯಲ್ಲಿ ಅಪ್ಪನ ಹೆಸರು ಹೋಗಿದ್ದು ನಮಗೆ ಗೊತ್ತಾಗಿದ್ದು ಒಂದು ವರ್ಷ ಆದ ಮೇಲೆ. ಅಪ್ಪ ಕೇಸು ಹಾಕಲಿಲ್ಲ. ಪ್ರಾರ್ಥನೆ ಮಾಡಿದರು, ಅಷ್ಟೇ. ತೋಟ ವಾಪಸ್ ಬರೋದನ್ನ ನೋಡದೇ ತೀರಿಹೋದರು. ಅವತ್ತಿನಿಂದ ನಾನು ಗುಡಿಸಲು ಹಾಕಿಕೊಂಡು ಕೂತೆ. ಆ ಮನುಷ್ಯನಿಗೆ ದೇವರು ಏನು ಮಾಡ್ತಾನೋ ನೋಡೋಣ ಅಂತ. ಅವರ ಬೋರ್‌ವೆಲ್ ಬತ್ತಿದಾಗ ಒಳಗೊಳಗೇ ಸ್ತೋತ್ರ ಅಂದೆ. ಹೌದು, ಅಂದೆ.

ಎರಡನೆಯದು, ಗಂಟೆ ಕೇಳಿದ ಮೇಲೆ ದೇವರು ಏನು ಮಾಡಿದ?

ನಿನೆವೆಯಲ್ಲಿ ಗಂಟೆ ಬಾರಿಸಿದ್ದು ಬರೆದಿಲ್ಲ. ಗೋಣಿತಟ್ಟೇ ಅವರ ಗಂಟೆ. ಮೂರನೇ ಅಧ್ಯಾಯ ಓದಿ. ಅರಸನು ಸಿಂಹಾಸನ ಬಿಟ್ಟು ಇಳಿದ, ರಾಜವಸ್ತ್ರ ತೆಗೆದು ಬೂದಿಯಲ್ಲಿ ಕೂತ. ಮನುಷ್ಯರು ಮಾತ್ರ ಅಲ್ಲ, ದನಕರುಗಳಿಗೂ ಮೇವು ನೀರು ಇಲ್ಲ, ಅವುಗಳ ಮೈಮೇಲೂ ಗೋಣಿತಟ್ಟು. ಇಡೀ ಊರು ಶರಣಾಯಿತು. ಮೇಲಿಂದ ದೇವರು ಅದನ್ನ ಕಂಡ. ಕಂಡು, ಮಾಡ್ತೀನಿ ಅಂದಿದ್ದ ಕೇಡನ್ನ ಮಾಡದೇ ಬಿಟ್ಟ. ಹಲ್ಲೆಲೂಯಾ!

ಆ ಕಥೆಯ ರಾಣಿ ಶರಣಾದ ಊರನ್ನ ಸುಟ್ಟಳು ಅಂತ ಜನ ಸಿಟ್ಟಾದರು. ಇಲ್ಲಿ ದೇವರು ಶರಣಾದ ಊರನ್ನ ಸುಡಲಿಲ್ಲ ಅಂತ ಒಬ್ಬ ಪ್ರವಾದಿ ಸಿಟ್ಟಾದ. ನಾವು ಯಾವ ಕಡೆ? ಟೀವಿಯಲ್ಲಿ ಕರುಣೆ ಇಲ್ಲದ್ದನ್ನ ನೋಡಿದರೆ ನಮಗೆ ಹೊಟ್ಟೆ ಉರಿಯುತ್ತೆ. ಯಾಕಂದ್ರೆ ಆ ಊರಿನವರು ನಮಗೆ ಏನೂ ಮಾಡಿಲ್ಲ. ನಮಗೆ ಕೇಡು ಮಾಡಿದವನು ಗಂಟೆ ಬಾರಿಸಿದಾಗ ಮಾತ್ರ ನಮ್ಮ ಕೈ ಡ್ರ್ಯಾಗನ್‌ನ ಬೆನ್ನಿನ ಮೇಲಿರುತ್ತೆ.

ನಾನು ಬೈಬಲ್ ಕಾಲೇಜು ಮುಗಿಸಿ ಬಂದ ಮೇಲೆ, ಒಂದು ಶುಕ್ರವಾರದ ಉಪವಾಸ ಪ್ರಾರ್ಥನೆಗೆ ಚಿಕ್ಕಪ್ಪ ಬಂದರು. ಹಿಂದೆ, ಚಪ್ಪಲಿ ಬಿಡುವ ಜಾಗದ ಹತ್ತಿರ ಕೂತರು. ಅಪ್ಪನನ್ನ ಅಲ್ಲೇಲೂಯಾ ಪಾರ್ಟಿ ಅಂತ ಆಡಿಕೊಳ್ತಿದ್ದವರು. ನಾಲ್ಕು ತಿಂಗಳು ಬಂದರು. ಒಂದು ದಿನ ಎಲ್ಲರ ಮುಂದೆ ಅತ್ತು, ಅಣ್ಣನಿಗೆ ಮೋಸ ಮಾಡಿದೆ ಅಂತ ಸಾಕ್ಷಿ ಹೇಳಿದರು. ಸಭೆಯವರು ಚಪ್ಪಾಳೆ ಹೊಡೆದು ದೇವರಿಗೆ ಮಹಿಮೆ ಸಲ್ಲಿಸಿದರು. ನಾನು ಗಿಟಾರಿನ ತಂತಿ ನೋಡ್ತಾ ನಿಂತಿದ್ದೆ. ನನ್ನೊಳಗೆ ಒಂದೇ ಮಾತು: ಕರ್ತನೇ, ಇದು ನಾನು ಕೇಳಿದ ಕೊನೆ ಅಲ್ಲ.

ದೀಕ್ಷಾಸ್ನಾನದ ದಿನ ಹಿರಿಯ ಪಾಸ್ಟರ್ ನನ್ನನ್ನೇ ನೀರಿಗೆ ಇಳಿ ಅಂದರು. ಕೆರೆಯಲ್ಲಿ ಎದೆಮಟ್ಟ ನೀರು. ತಂದೆಯ, ಮಗನ, ಪವಿತ್ರಾತ್ಮನ ಹೆಸರಲ್ಲಿ ಚಿಕ್ಕಪ್ಪನನ್ನ ಮುಳುಗಿಸಿದಾಗ, ಇನ್ನೂ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿರೋಣ ಅನ್ನಿಸಿತು. ನಗ್ತೀರಿ ನೀವು. ನನಗೆ ಅವತ್ತು ನಗು ಬರಲಿಲ್ಲ. ಭಯ ಆಯಿತು. ಪಾಸ್ಟರ್ ಅನ್ನಿಸಿಕೊಂಡವನ ಕೈಯಲ್ಲಿ ಇದೆಂಥ ಆಲೋಚನೆ ಅಂತ. ಅವತ್ತು ರಾತ್ರಿ ಯೋನ ನಾಲ್ಕನ್ನ ಓದಿ ಕಣ್ಣೀರಿಟ್ಟೆ.

ಒಂದು ಮಾತು ಸ್ಪಷ್ಟವಾಗಿ ಹೇಳ್ತೀನಿ. ದೇವರ ಕರುಣೆ ಅಂದರೆ ಮೋಸ ಸರಿ ಅಂತ ಅರ್ಥ ಅಲ್ಲ. ನಿನೆವೆಯವರು ತಮ್ಮ ಕೈಯಲ್ಲಿದ್ದ ಹಿಂಸೆಯನ್ನ ಬಿಡಬೇಕಿತ್ತು, ಬಿಟ್ಟರು. ಜಕ್ಕಾಯನು ಕಿತ್ತುಕೊಂಡಿದ್ದನ್ನ ನಾಲ್ಕರಷ್ಟು ಕೊಡ್ತೀನಿ ಅಂದ. ಅದನ್ನ ಚಿಕ್ಕಪ್ಪನಿಗೂ ತೋರಿಸಿದ್ದೀನಿ. ಅವರು ಕೊಡೋದಕ್ಕೆ ಸಿದ್ಧ, ಅವರ ಮಕ್ಕಳು ಒಪ್ಪುತ್ತಿಲ್ಲ. ತೋಟ ಇವತ್ತಿಗೂ ಅವರ ಖಾತೆಯಲ್ಲೇ ಇದೆ. ನನ್ನ ಕಥೆಯ ಕೊನೆ ನನಗೂ ಗೊತ್ತಿಲ್ಲ.

ಮೂರನೆಯದು, ಈ ಪುಸ್ತಕಕ್ಕೆ ಕೊನೆಯೇ ಇಲ್ಲ.

ದೇವರು ಒಂದು ಸೋರೆ ಗಿಡ ಬೆಳೆಸಿದ, ಯೋನನಿಗೆ ನೆರಳಾಯಿತು, ಖುಷಿಪಟ್ಟ. ಮರುದಿನ ಹುಳ ಕಡಿಯಿತು, ಬಿಸಿಗಾಳಿ ಬೀಸಿತು, ಸಾಯೋದೇ ಮೇಲು ಅಂದ. ಆಗ ದೇವರು ಕೇಳಿದ: ಒಂದು ರಾತ್ರಿಯಲ್ಲಿ ಬಂದು ಒಂದು ರಾತ್ರಿಯಲ್ಲಿ ಹೋದ ಗಿಡಕ್ಕೆ ನೀನು ಇಷ್ಟು ಮರುಗ್ತೀಯ, ಎಡಗೈ ಬಲಗೈ ತಿಳಿಯದ 1,20,000ಕ್ಕಿಂತ ಹೆಚ್ಚು ಜನ, ಅಷ್ಟೊಂದು ದನಕರು ಇರುವ ಊರಿಗೆ ನಾನು ಮರುಗಬಾರದಾ? ಅಲ್ಲಿಗೆ ಪುಸ್ತಕ ನಿಂತುಹೋಗುತ್ತೆ. ಯೋನನ ಉತ್ತರ ಇಲ್ಲ. ಮುಂದಿನ ಪುಟ ತಿರುಗಿಸಿದರೆ ಮೀಕ!

ಇಂಥ ಎಪಿಸೋಡು ಟೀವಿಯಲ್ಲಿ ಬಂದಿದ್ದರೆ ಅದಕ್ಕೂ ಜನ ಮನವಿ ಬರೀತಿದ್ದರು. ಆದರೆ ಪವಿತ್ರಾತ್ಮನು ಬೇಕಂತಲೇ ಹಾಗೆ ಬಿಟ್ಟಿದ್ದಾನೆ. ಉತ್ತರ ಬರೆಯಬೇಕಾದವರು ನಾವು.

ಯೋನನಿಗಿಂತ ಹೆಚ್ಚಿನವನು ಬಂದಿದ್ದಾನೆ, ಪ್ರಿಯರೇ. ಮತ್ತಾಯ 12ರಲ್ಲಿ ನಮ್ಮ ಕರ್ತನೇ ಅದನ್ನ ಹೇಳಿದ. ಯೋನನು ಊರಿನ ಹೊರಗೆ ಕೂತದ್ದು ಊರು ಸುಡೋದನ್ನ ನೋಡೋದಕ್ಕೆ. ಯೇಸುವು ಊರಿನ ಹೊರಗೆ ನಿಂತು ಯೆರೂಸಲೇಮನ್ನ ನೋಡಿ ಅತ್ತ. ಆಮೇಲೆ ಅದೇ ಊರಿನ ಬಾಗಿಲ ಹೊರಗೆ ಶಿಲುಬೆಗೆ ಏರಿದ. ಊರಿನ ಮೇಲೆ ಬೀಳಬೇಕಾದ ಬೆಂಕಿ ಆತನ ಮೇಲೆ ಬಿತ್ತು. ನನ್ನ ಮೇಲೆ ಬೀಳಬೇಕಾದದ್ದೂ ಅಲ್ಲೇ ಬಿತ್ತು. ನಾನು ಗಂಟೆ ಬಾರಿಸಿದಾಗ ಆತನು ನನ್ನನ್ನ ಸುಟ್ಟಿದ್ದರೆ ಇವತ್ತು ಈ ಮೈಕ್ ಮುಂದೆ ಯಾರಿರ್ತಿದ್ದರು?

ಆ ಧಾರಾವಾಹಿಯ ವಿಷಯದಲ್ಲಿ ಇನ್ನೊಂದು ನಡೆಯಿತು. ರಾಣಿಯ ಪಾತ್ರ ಮಾಡಿದ ಎಮಿಲಿಯಾ ಕ್ಲಾರ್ಕ್ ಅನ್ನೋ ನಟಿಗೆ 2011ರಲ್ಲಿ, ಮೊದಲ ಸೀಸನ್ ಚಿತ್ರೀಕರಣ ಮುಗಿದ ಮೇಲೆ ಮಿದುಳಿನಲ್ಲಿ ರಕ್ತಸ್ರಾವ ಆಗಿತ್ತು. 2013ರಲ್ಲಿ ಮತ್ತೆ ಮಿದುಳಿನ ಶಸ್ತ್ರಚಿಕಿತ್ಸೆ. ಅಂಥ ರೋಗಿಗಳು ಚೇತರಿಸಿಕೊಳ್ಳಲಿ ಅಂತ ಅವರು ಸೇಮ್ ಯೂ ಅನ್ನೋ ಸೇವಾಸಂಸ್ಥೆ ಶುರುಮಾಡಿದ್ದರು. ಕೊನೆಯ ಎಪಿಸೋಡುಗಳ ಮೇಲೆ ಸಿಟ್ಟಾಗಿದ್ದ ಅಭಿಮಾನಿಗಳಲ್ಲೇ ಒಂದಷ್ಟು ಜನ ಸೇರಿ ಆ ಸಂಸ್ಥೆಗೆ ಹಣ ಕೂಡಿಸಿದರು. ಕಥೆ ಬದಲಾಗಲಿಲ್ಲ. ಸಿಟ್ಟು ಎಲ್ಲಿಗೆ ಹೋಗಬೇಕು ಅನ್ನೋದು ಬದಲಾಯಿತು. ಯಾರೋ ಹೊರಗಿನವರು ಒಂದು ಧಾರಾವಾಹಿಯ ಪ್ರೀತಿಗೆ ಅಷ್ಟು ಮಾಡಬಹುದಾದರೆ, ಕುರಿಮರಿಯ ರಕ್ತದಲ್ಲಿ ತೊಳೆಯಲ್ಪಟ್ಟ ನಾವು ಏನು ಮಾಡಬೇಕು?

ಚಿಕ್ಕಪ್ಪನಿಗೆ ಈಗ ಹುಷಾರಿಲ್ಲ. ಡಯಾಲಿಸಿಸ್ ನಡೀತಿದೆ. ಅವರಿಗಾಗಿ ನಾನು ಸಭೆಯಲ್ಲಿ ಪ್ರಾರ್ಥಿಸಿದ್ದೀನಿ, ಕೈ ಇಟ್ಟಿದ್ದೀನಿ. ಆದರೆ ಅಪ್ಪ ತೀರಿಹೋದ ಮೇಲೆ ಅವರ ಮನೆಯ ಹೊಸಿಲು ತುಳಿದಿಲ್ಲ. ಆ ಮನೆಯ ಒಂದು ಲೋಟ ನೀರು ಕುಡಿದಿಲ್ಲ. ಈ ವಾರ ಹೋಗ್ತೀನಿ. ತೋಟದ ಮಾತು ಎತ್ತೋದಕ್ಕಲ್ಲ. ಚಿಕ್ಕಮ್ಮ ಏನು ಬಡಿಸ್ತಾರೋ ಅದನ್ನ ಊಟ ಮಾಡಿ ಬರ್ತೀನಿ. ಹೋಗಿದ್ದೆ ಅಂತ ಮುಂದಿನ ಭಾನುವಾರ ನಾನು ಹೇಳದಿದ್ದರೆ ನೀವೇ ಕೇಳಿ.

ನಿಮ್ಮ ಗುಡಿಸಲು ಯಾವ ಊರಿನ ಎದುರಿಗಿದೆ? ಅತ್ತೆಯಾ, ಅಳಿಯನಾ, ಬಿಟ್ಟುಹೋದ ಗಂಡನಾ, ಮೋಸ ಮಾಡಿದ ಪಾಲುದಾರನಾ? ಅವರು ಇನ್ನೂ ಗಂಟೆ ಬಾರಿಸಿಲ್ಲದಿರಬಹುದು. ಬಾರಿಸಿದ ದಿನ ನೀವು ಯಾವ ಕಡೆ ಇರ್ತೀರಿ ಅನ್ನೋದನ್ನ ಇವತ್ತೇ ಕರ್ತನ ಮುಂದೆ ತೀರ್ಮಾನ ಮಾಡಿ. ಎಲ್ಲರೂ ಎದ್ದು ನಿಲ್ಲೋಣ. ಆ ಒಬ್ಬರ ಹೆಸರನ್ನ ಮನಸ್ಸಿನಲ್ಲೇ ಹೇಳಿ. ಕಣ್ಣು ಮುಚ್ಚಿ.

ಪ್ರೀತಿಯುಳ್ಳ ಪರಲೋಕದ ತಂದೆಯೇ, ನಾವು ಕೇಳಿದ ಕೊನೆಯನ್ನ ನೀನು ಬರೆಯಲಿಲ್ಲ ಅಂತ ನಿನ್ನ ಮೇಲೆ ಸಿಟ್ಟಾಗಿದ್ದೇವೆ, ಕ್ಷಮಿಸು. ನಮ್ಮ ಗುಡಿಸಲುಗಳಿಂದ ನಮ್ಮನ್ನ ಎಬ್ಬಿಸು. ನೀನು ಮರುಗುವ ಊರಿನೊಳಗೆ ನಮ್ಮನ್ನ ನಡೆಸು. ಗಂಟೆ ಬಾರಿಸಿದವರನ್ನ ಅಪ್ಪಿಕೊಳ್ಳುವ ಕೈ ನಮಗೆ ಕೊಡು. ನಮಗಾಗಿ ಊರ ಹೊರಗೆ ಪ್ರಾಣಕೊಟ್ಟ ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.