ಸಾಲಗಾರನ ಕಾಣಿಕೆಯೂ ಚಿಲ್ಲರೆಯ ಲೆಕ್ಕವೂ

ಹೆಸರು ಉದ್ದುಗಳ ರಾಶಿಯಾಗಿ ಮನೆಗೆ ವರುಷದ ಮೊದಲನೆಯ ಹಣ ಬರುವ ಕಾಲವು ನಮ್ಮ ಬೀದರ ಸೀಮೆಯಲ್ಲಿ ಸಂತೋಷದ ಕಾಲವೂ ಹೌದು, ಅಂಜಿಕೆಯ ಕಾಲವೂ ಹೌದು. ಯಾಕಂದರೆ ಆ ಹಣವು ಅಡತಿಯ ಅಂಗಡಿಯಿಂದ ಮನೆಯ ಹೊಸ್ತಿಲನ್ನು ಮುಟ್ಟುವದರೊಳಗೆ ಅದನ್ನು ಎದುರುಗೊಳ್ಳುವವರು ಬಹು ಮಂದಿ: ಬೀಜ ಗೊಬ್ಬರ ಕೊಟ್ಟವನು, ಕೈಗಡ ಕೊಟ್ಟ ನೆರೆಯವನು, ವಾರದ ಕಂತಿನವನು, ಬಡ್ಡಿಯ ಸಾಹುಕಾರನು. ಅವರೆಲ್ಲರ ಹಿಂದೆ, ಸಂಕೋಚದಿಂದ ನಿಂತ ಹಾಗೆ, ದೇವಾಲಯದ ಕಾಣಿಕೆಯ ತಟ್ಟೆ. ಇಂಥ ಕಾಲದಲ್ಲಿ ಔರಾದ ಕಡೆಯ ಒಂದು ಹಳ್ಳಿಯ ಸಭೆಯಲ್ಲಿ ಆರಾಧನೆ ತೀರಿದ ಮೇಲೆ ಒಬ್ಬ ತಾಯಿಯು ನಮ್ಮನ್ನು ತಡೆದು ನಿಲ್ಲಿಸಿ, “ಸಾಲ ಹೊತ್ತವರು ಕಾಣಿಕೆ ಹಾಕಬಹುದೋ, ಹಾಕಬಾರದೋ? ಹಾಕಿದರೆ ಸಾಹುಕಾರನ ಹಣ ಹಾಕಿದಂತೆ, ಹಾಕದಿದ್ದರೆ ದೇವರ ಹಣ ಇಟ್ಟುಕೊಂಡಂತೆ ಮನಸ್ಸು ಚುಚ್ಚುತ್ತದೆ” ಎಂದು ಕೇಳಿದಳು. ನಾವು ಪ್ರಾರ್ಥನೆ ಮಾಡಿರೆಂದು ಹೇಳಿ ಬಂದೆವು. ಅದು ಉತ್ತರವಲ್ಲ, ಪ್ರಾರ್ಥನೆಯ ಹೆಸರಿನಲ್ಲಿ ತಪ್ಪಿಸಿಕೊಳ್ಳುವದು ಬೋಧಕರ ಹಳೆಯ ರೋಗ. ಆಕೆಗೆ ಸಲ್ಲಬೇಕಾದ ಉತ್ತರವನ್ನು ಈಗ ಬರೆಯುತ್ತೇವೆ.

ಮೊದಲು ಸಾಲದ ಲೆಕ್ಕವನ್ನೇ ನೋಡೋಣ. ನಮ್ಮಲ್ಲಿ ಅನೇಕರು ಸಾಲದ ಭಾರವನ್ನು ಬಲ್ಲರು, ಅದರ ಲೆಕ್ಕವನ್ನು ಅರಿಯರು. ಹಳ್ಳಿಯಲ್ಲಿ ಬಡ್ಡಿಯನ್ನು ವರುಷದ ಮೇಲೆ ಹೇಳುವ ಪದ್ಧತಿಯಿಲ್ಲ. ನೂರಕ್ಕೆ ಎರಡು, ನೂರಕ್ಕೆ ಮೂರು, ಗರಜು ಹೆಚ್ಚಾಗಿದ್ದರೆ ನೂರಕ್ಕೆ ಐದು, ಹೀಗೆ ತಿಂಗಳ ಮೇಲೆ ಹೇಳುತ್ತಾರೆ. ಮೂರು ಎಂಬ ಮಾತು ಕಿವಿಗೆ ಬಹಳ ಹಗುರ. ಆದರೆ ತಿಂಗಳಿಗೆ ಮೂರಾದರೆ ವರುಷಕ್ಕೆ 36 ಆಯಿತು. ಮಗಳ ಮದುವೆಗೆಂದು 10,000 ರೂಪಾಯಿ ತಂದವನು ತಿಂಗಳಿಗೆ 300 ರೂಪಾಯಿಯಂತೆ ವರುಷಕ್ಕೆ 3,600 ರೂಪಾಯಿ ಬಡ್ಡಿಯನ್ನೇ ಕಟ್ಟುತ್ತಾನೆ. ಮೂರು ವರುಷ ತಪ್ಪದೆ ಕಟ್ಟಿದನೆನ್ನಿರಿ: 10,800 ರೂಪಾಯಿ ಕೈಬಿಟ್ಟು ಹೋಯಿತು, ಅಸಲಾದ 10,000 ಕದಲದೆ ಕೂತೇ ಇದೆ. ಮಗಳು ಎರಡು ಮಕ್ಕಳ ತಾಯಿಯಾಗಿ ತೌರಿಗೆ ಬರುವಾಗಲೂ ಆಕೆಯ ಮದುವೆಯ ಊಟದ ಸಾಲ ತೀರಿರುವದಿಲ್ಲ.

ನೆಹೆಮೀಯನು ಯೆರೂಸಲೇಮಿನ ಗೋಡೆ ಕಟ್ಟಿಸುತ್ತಿದ್ದಾಗ ಬಡವರು ಅವನ ಮುಂದೆ ಬಂದು ಗೋಳಿಟ್ಟರು. ಹೊಲ ಒತ್ತೆ ಬಿದ್ದಿತ್ತು, ದ್ರಾಕ್ಷೆಯ ತೋಟ ಒತ್ತೆ ಬಿದ್ದಿತ್ತು, ಮಕ್ಕಳು ದಾಸತ್ವಕ್ಕೆ ಹೋಗುತ್ತಿದ್ದರು. ಸಾಲ ಕೊಟ್ಟವರು ಅನ್ಯರಲ್ಲ, ಸ್ವಂತ ಸಹೋದರರು. ಆಗ ಅವನು ಕಡುಕೋಪಗೊಂಡು ಶ್ರೀಮಂತರನ್ನು ಕೂಡಿಸಿ, ಹೊಲಮನೆಗಳನ್ನೂ ತೆಗೆದುಕೊಳ್ಳುತ್ತಿದ್ದ ನೂರನೆಯ ಪಾಲನ್ನೂ ಹಿಂದಕ್ಕೆ ಕೊಡಿಸಿದನು. ಆ ನೂರನೆಯ ಪಾಲು ತಿಂಗಳ ಬಡ್ಡಿಯೆಂದು ವೇದಪಂಡಿತರು ಸಾಮಾನ್ಯವಾಗಿ ತಿಳಿಯುತ್ತಾರೆ. ಹಾಗಾದರೆ ನೆಹೆಮೀಯನು ಅಷ್ಟು ಸಿಟ್ಟಾದದ್ದು ನೂರಕ್ಕೆ ಒಂದರ ಬಡ್ಡಿಗೆ! ನಮ್ಮ ಊರುಗಳ ದರವನ್ನು ಕೇಳಿದ್ದರೆ ಏನನ್ನುತ್ತಿದ್ದನೋ. ತಾನೂ ತನ್ನ ಮನೆಯವರೂ ಸಾಲ ಕೊಟ್ಟವರೇ ಎಂದು ಅವನು ಅಲ್ಲಿ ಮುಚ್ಚಿಡದೆ ಹೇಳಿದನು. ಇದನ್ನು ನಾವು ಮರೆಯಬಾರದು. ಸಾಹುಕಾರನೆಂದರೆ ಯಾವಾಗಲೂ ಹೊರಗಿನವನೇ ಅಲ್ಲ. ಸಂಬಳದ ಕೆಲಸವುಳ್ಳ ನಮ್ಮ ಸಭೆಯವರಲ್ಲಿಯೂ ಭಾನುವಾರ ಒಂದೇ ಚಾಪೆಯ ಮೇಲೆ ಕೂತು ಸೋಮವಾರ ಬಡ್ಡಿ ಕೇಳುವವರು ಉಂಟು.

ಈಗ ಇನ್ನೊಂದು ಲೆಕ್ಕ. ದಿನಕ್ಕೆ 10 ರೂಪಾಯಿಯಂತೆ ಎತ್ತಿಟ್ಟರೆ ವರುಷಕ್ಕೆ 3,650 ರೂಪಾಯಿ. ಹತ್ತು ಸಾವಿರದ ಸಾಲಕ್ಕೆ ನೂರಕ್ಕೆ ಮೂರರಂತೆ ನಾವು ಕಟ್ಟುವ ಬಡ್ಡಿ 3,600. ಎರಡೂ ಹೆಚ್ಚುಕಡಿಮೆ ಒಂದೇ! ಹೀಗಿರಲಾಗಿ, ದಿನಕ್ಕೆ ಹತ್ತು ರೂಪಾಯಿ ಉಳಿಸುವ ಶಕ್ತಿ ತನಗಿಲ್ಲವೆನ್ನುವ ಬಡವನು ನಿಜವಾಗಿ ದಿನಕ್ಕೆ ಹತ್ತು ರೂಪಾಯಿ ಎತ್ತಿಡುತ್ತಲೇ ಇದ್ದಾನೆ. ಆದರೆ ಇನ್ನೊಬ್ಬನ ಪೆಟ್ಟಿಗೆಯಲ್ಲಿ. ಈ ಮಾತನ್ನು ನಾವು ಭಾಲ್ಕಿಯ ಕಡೆ ಒಂದು ಸಭೆಯಲ್ಲಿ ಹೇಳಿದಾಗ ಹಿಂದಿನ ಸಾಲಿನಲ್ಲಿದ್ದ ಒಬ್ಬ ಮುದುಕನು ಎದ್ದು, ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ನಮ್ಮನ್ನೇ ಗದರಿಸಿದನು. ಹತ್ತು ರೂಪಾಯಿ ಎಲ್ಲಿಂದ ಬರಬೇಕೆಂದು ಕೇಳುವಿರೋ? ಗುಟಖೆಯ ಚೀಟಿಯಿಂದ, ಹೋಟೆಲಿನ ಮೂರನೆಯ ಚಹದಿಂದ, ಕೈಯಲ್ಲಿಯ ಫೋನಿಗೆ ಪದೇ ಪದೇ ತುಂಬುವ ಹಣದಿಂದ ಎಂದು ಹೇಳುವದು ಸುಲಭ. ಅದು ಗಂಡಸರ ಮಾತು. ಹೆಂಗಸರಿಗೆ ಈ ಖರ್ಚುಗಳೂ ಇಲ್ಲ. ಅವರು ಉಳಿಸುವದು ತಮ್ಮ ರೊಟ್ಟಿಯಿಂದಲೇ. ಆದದರಿಂದ ಗಂಡನು ಬಿಡದ ಚಟದ ಲೆಕ್ಕವನ್ನು ಹೆಂಡತಿಯು ಉಪವಾಸದಿಂದ ಸರಿಮಾಡುವದನ್ನು ನಾವು ಮಿತವ್ಯಯವೆಂದು ಹೊಗಳುವದಿಲ್ಲ.

ನಮ್ಮ ಅಜ್ಜಂದಿರಲ್ಲಿ ಅನೇಕರು ತಂದೆಯ ಸಾಲಕ್ಕಾಗಿ ಜೀತವಿದ್ದವರು. ದೇಶದ ಕಾನೂನು ಜೀತವನ್ನು 1976ರಲ್ಲಿ ರದ್ದುಮಾಡಿತು. ಎಲೀಷನ ಬಳಿಗೆ ಬಂದ ವಿಧವೆಯ ಕಷ್ಟ ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಸಾಲ ಕೊಟ್ಟವನು ಆಕೆಯ ಇಬ್ಬರು ಗಂಡುಮಕ್ಕಳನ್ನು ಒಯ್ಯಲು ಬಂದಿದ್ದನು. ಪ್ರವಾದಿಯು ಆಕೆಯನ್ನು ಕೇಳಿದ ಪ್ರಶ್ನೆ, ಮನೆಯಲ್ಲಿ ಏನಿದೆ ಎಂಬದು. ಏನು ಇಲ್ಲವೆಂದಲ್ಲ, ಏನಿದೆಯೆಂದು ಕೇಳಿದನು. ಇದ್ದದ್ದು ಒಂದು ಮೊಗೆ ಎಣ್ಣೆ. ಎಣ್ಣೆ ಹೆಚ್ಚಿದ ಮೇಲೆ ಮೊದಲು ಸಾಲ ತೀರಿಸಿ ಉಳಿದದ್ದರಿಂದ ಬದುಕಬೇಕೆಂದು ಹೇಳಿದನೇ ಹೊರತು ತನಗೆ ಪಾಲು ಕೊಡೆಂದು ಕೇಳಲಿಲ್ಲ. ನಮ್ಮ ಸಭಾಪಾಲಕರು ಈ ಅಧ್ಯಾಯವನ್ನು ಓದುವಾಗ ಇಲ್ಲಿ ತುಸು ನಿಲ್ಲಬೇಕು.

ಎತ್ತಿಡುವದು ಅವಿಶ್ವಾಸವಲ್ಲವೇ, ನಾಳೆಯ ಚಿಂತೆ ಬೇಡವೆಂದು ಕರ್ತನು ಕಲಿಸಲಿಲ್ಲವೇ ಎಂದು ಕೆಲವರು ಆಕ್ಷೇಪಿಸುತ್ತಾರೆ. ಕೂಡಿಡುವವರಿಗಿಂತ ಸಾಲ ಮಾಡುವವರೇ ಹೀಗೆ ಹೇಳುವದು ಹೆಚ್ಚು! ಮನ್ನದ ಸಂಗತಿಯನ್ನು ನೆನಸಿರಿ. ಲೋಭದಿಂದ ಮರುದಿನಕ್ಕೆ ಇಟ್ಟುಕೊಂಡದ್ದು ಹುಳಬಿದ್ದು ನಾರಿತು; ಸಬ್ಬತ್ ದಿನಕ್ಕಾಗಿ ಆರನೆಯ ದಿನ ಇಟ್ಟದ್ದು ಕೆಡಲಿಲ್ಲ. ಮನ್ನ ಒಂದೇ, ಪಾತ್ರೆ ಒಂದೇ. ಯಾತಕ್ಕಾಗಿ ಇಟ್ಟರೆಂಬದರಲ್ಲಿ ಭೇದವಿತ್ತು. ಮಗುವಿನ ಜ್ವರಕ್ಕೆ, ಬಿತ್ತನೆಯ ಬೀಜಕ್ಕೆ, ಮಳೆ ತಪ್ಪಿದ ವರುಷದ ಜೋಳಕ್ಕೆ ಇಡುವದು ಚಿಂತೆಯಲ್ಲ, ಚಿಂತೆಗೆ ಔಷಧ.

ಬೀದರ ನಗರಕ್ಕೆ ಹೋದವರು ಮಹಮೂದ ಗಾವಾನನ ಮದರಸೆಯನ್ನು ಕಂಡಿರಬೇಕು. 1472ರಲ್ಲಿ ಕಟ್ಟಿಸಿದ ಆ ಕಟ್ಟಡವು ಅರ್ಧ ಬಿದ್ದಿದ್ದರೂ ಅದರ ಬಣ್ಣದ ಹೆಂಚುಗಳು ಅಲ್ಲಲ್ಲಿ ಇನ್ನೂ ಹೊಳೆಯುತ್ತವೆ. ಪಾರಸಿ ದೇಶದಿಂದ ವ್ಯಾಪಾರಕ್ಕೆ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಈ ಮನುಷ್ಯನನ್ನು 1481ರಲ್ಲಿ ಸುಲ್ತಾನನು ಒಂದು ಕಳ್ಳಕಾಗದವನ್ನು ನಂಬಿ ಕೊಲ್ಲಿಸಿದನು. ತರುವಾಯ ಅವನ ಐಶ್ವರ್ಯವನ್ನು ಹುಡುಕಿಸಿದಾಗ ಸಿಕ್ಕಿದ್ದು ಬಹು ಸ್ವಲ್ಪ. ಅವನ ಖಜಾನೆಯವನು ಹೇಳಿದ ಲೆಕ್ಕವನ್ನು ಚರಿತ್ರಕಾರನಾದ ಫಿರಿಶ್ತಾ ಬರೆದಿಟ್ಟಿದ್ದಾನೆ: ಯಜಮಾನನಿಗೆ ಎರಡು ಬೊಕ್ಕಸಗಳಿದ್ದವು, ಒಂದು ಅರಸನ ಹೆಸರಿನದು, ಸೈನ್ಯಕ್ಕೂ ಲಾಯಕ್ಕೂ, ಇನ್ನೊಂದು ಬಡವರ ಹೆಸರಿನದು. ಅವನ ಸ್ವಂತ ಊಟವು ಹುಟ್ಟೂರಿಂದ ತಂದ ಮೂಲಧನದ ವ್ಯಾಪಾರದ ಲಾಭದಿಂದ ನಡೆಯುತ್ತಿತ್ತು. ಅವನು ನಮ್ಮ ಮತದವನಲ್ಲ. ಆದರೂ ಇದು ಅರಸನದು, ಇದು ಬಡವನದು, ಇದು ನನ್ನದು ಎಂದು ಬೇರೆಬೇರೆಯಾಗಿ ಇಟ್ಟ ಮಂತ್ರಿಯ ಪದ್ಧತಿಯು ಒಂದು ಕೋಣೆಯ ಮನೆಗೂ ಸಲ್ಲುತ್ತದೆ. ಒಂದೇ ಕುಡಿಕೆಯಲ್ಲಿ ಎಲ್ಲವನ್ನೂ ಹಾಕಿದರೆ ಮೊದಲು ಗದರಿಸಿದವನಿಗೆ ಎಲ್ಲವೂ ಹೋಗುತ್ತದೆ. ದೇವರು ಗದರಿಸುವದಿಲ್ಲವಾದ್ದರಿಂದ ಕಡೆಯವನಾಗುತ್ತಾನೆ. ಮಗುವಿನ ಔಷಧವೂ ಹಾಗೆಯೇ.

ಅಕ್ಷರ ಬಾರದವರಿಗೆ ಲೆಕ್ಕವೆಲ್ಲಿಯದು ಎಂದು ಹೇಳಬೇಡಿರಿ. ನಿಜಾಮರ ಕಾಲದಲ್ಲಿ ಇಲ್ಲಿ ಹಾಲಿ ಸಿಕ್ಕಾ ರೂಪಾಯಿಯೂ ಬ್ರಿಟಿಷರ ಕಲದಾರ ರೂಪಾಯಿಯೂ ಎರಡೂ ಕೈಗೆ ಬರುತ್ತಿದ್ದವು. ಆರು ಕಲದಾರಕ್ಕೆ ಹೆಚ್ಚುಕಡಿಮೆ ಏಳು ಹಾಲಿ ಎಂಬ ತೊಡಕಿನ ಲೆಕ್ಕವನ್ನು ನಮ್ಮ ಹಿರಿಯರು ಬೆರಳ ಗಿಣ್ಣುಗಳ ಮೇಲೆಯೇ ಮಾಡುತ್ತಿದ್ದರು. ಮೆಥೊಡಿಸ್ಟ್ ಸಭೆಯ ಮೂಲಪುರುಷನಾದ ಜಾನ್ ವೆಸ್ಲಿಯು ಯೌವನದಲ್ಲಿ ವರುಷಕ್ಕೆ 30 ಪೌಂಡು ಬಂದಾಗ 28ರಲ್ಲಿ ಜೀವಿಸಿ ಎರಡನ್ನು ಬಡವರಿಗೆ ಕೊಟ್ಟನು. ಮರುವರುಷ 60 ಬಂದಾಗಲೂ 28ರಲ್ಲಿಯೇ ಜೀವಿಸಿ 32ನ್ನು ಕೊಟ್ಟನು. 1790ರಲ್ಲಿ, 87ನೆಯ ವಯಸ್ಸಿನಲ್ಲಿ, ಇನ್ನು ಲೆಕ್ಕ ಬರೆಯಲಾರೆನೆಂದು ನಡುಗುವ ಕೈಯಿಂದ ಬರೆದು ಪುಸ್ತಕ ಮುಚ್ಚಿದನು. ಅಲ್ಲಿಯ ವರೆಗೆ ಬರೆದನಲ್ಲಾ!

ಕೂಡಿ ಉಳಿಸುವ ದಾರಿಯು ನಮ್ಮ ಜಿಲ್ಲೆಗೆ ಹೊಸದಲ್ಲ. 1992ರಲ್ಲಿ ನಬಾರ್ಡ್ ಬ್ಯಾಂಕು ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕೆಲಸವನ್ನು ಆರಂಭಿಸಿದ ಮೇಲೆ, ಬೀದರದ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕು ಹಳ್ಳಿಹಳ್ಳಿಯ ಹೆಂಗಸರ ಸಂಘಗಳಿಗೆ ಸಾಲ ಕೊಟ್ಟು ದೇಶದಲ್ಲಿಯೇ ಹೆಸರು ಪಡೆಯಿತು. ಇಪ್ಪತ್ತು ಮಂದಿ ಹೆಂಗಸರು ವಾರಕ್ಕೆ ಹತ್ತತ್ತು ರೂಪಾಯಿ ಹಾಕಿದರೆ ವರುಷಕ್ಕೆ 10,400 ರೂಪಾಯಿ ಕೂಡುತ್ತದೆ. ಅದರಿಂದ ಒಬ್ಬಳು ಸಾಲ ತೆಗೆದರೆ ಆಕೆಯ ಬಡ್ಡಿಯು ಅದೇ ಪೆಟ್ಟಿಗೆಗೆ ತಿರುಗಿ ಬೀಳುತ್ತದೆ. ಒಳ್ಳೇ ಕೆಲಸ. ಆದರೂ ಈಚೆಗೆ ಒಂದೇ ಮನೆಯವರು ನಾಲ್ಕೈದು ಕಡೆ ಕಂತಿನ ಸಾಲ ತೆಗೆದು, ಒಂದರ ಕಂತಿಗೆ ಇನ್ನೊಂದನ್ನು ತರುವದನ್ನು ಕಾಣುತ್ತೇವೆ. ವಸೂಲಿಯವರ ಕಾಟ ಮಿತಿಮೀರಿದ್ದರಿಂದ ಕರ್ನಾಟಕ ಸರಕಾರವು 2025ನೆಯ ಫೆಬ್ರವರಿಯಲ್ಲಿ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆಯನ್ನು ಹೊರಡಿಸಿ, 10 ವರುಷದ ವರೆಗಿನ ಸೆರೆಯನ್ನು ಗೊತ್ತುಮಾಡಿತು. ಬಾಗಿಲಲ್ಲಿ ನಿಂತು ಬೆದರಿಸುವವರಿಗೆ ಅಂಜಬೇಕಾಗಿಲ್ಲವೆಂಬದನ್ನು ನಮ್ಮ ತಾಯಂದಿರು ತಿಳಿದಿರಲಿ. ಆದರೆ ತೆಗೆದುಕೊಂಡ ಸಾಲವನ್ನು ತೀರಿಸುವ ಋಣದಿಂದ ಯಾವ ಆಜ್ಞೆಯೂ ಕ್ರೈಸ್ತನ ಮನಸ್ಸಾಕ್ಷಿಯನ್ನು ಬಿಡಿಸದು.

ಇನ್ನು ಕಾಣಿಕೆಯ ಮಾತು. ಇಲ್ಲಿ ನಮ್ಮ ತಪ್ಪನ್ನೇ ಮೊದಲು ಹೇಳಬೇಕು. ಕೆಲವು ವರುಷಗಳ ಹಿಂದೆ ಸುಗ್ಗಿಯ ಆರಾಧನೆಯ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಬೆಲೆ ಏರುತ್ತಾ ಹೋಯಿತು. ಎಲ್ಲರೂ ನೋಡುತ್ತಿದ್ದರು; ಹಿಂದೆಗೆಯುವದು ನಾಚಿಕೆಯಾಗಿ ತೋರಿ ನಾವು ಕೈಯಲ್ಲಿ ಇಲ್ಲದ ಹಣವನ್ನು ಕೂಗಿದೆವು, ತರುವಾಯ ಅದನ್ನು ಕಡ ತಂದು ಕಟ್ಟಿದೆವು. ಸಭೆಯವರು ಚಪ್ಪಾಳೆ ತಟ್ಟಿದರು. ಆ ಹಣವನ್ನು ತೀರಿಸುವ ತನಕ ಮನೆಯಲ್ಲಿ ಮಕ್ಕಳ ಹಾಲು ಕಡಿಮೆಯಾಯಿತು. ಚಪ್ಪಾಳೆ ತಟ್ಟಿದವರಿಗೆ ಅದು ತಿಳಿಯದು. ದಾವೀದನು ಅರೌನನ ಕಣದಲ್ಲಿ ಪುಕ್ಕಟೆ ಸಿಕ್ಕುವ ಎತ್ತುಗಳನ್ನು ಯಜ್ಞಕ್ಕೆ ಒಪ್ಪದೆ ಕ್ರಯ ಕೊಟ್ಟು ಕೊಂಡನು. ತನಗೆ ಖರ್ಚಾಗದ್ದನ್ನು ದೇವರಿಗೆ ಕೊಡಲೊಲ್ಲದವನು ಆತ. ನಾವು ಕೊಟ್ಟದ್ದು ಆ ದಿನ ನಮಗೆ ಖರ್ಚಾಗಲಿಲ್ಲ, ಮಕ್ಕಳಿಗೆ ಖರ್ಚಾಯಿತು. ಸಾಲದ ಕಾಣಿಕೆಯ ಕೆಡಕು ಇದೇ. ಹರಾಜಿನಲ್ಲಿ ಕಡ ಹೇಳುವದನ್ನು ನಮ್ಮ ಸಭೆಗಳು ನಿಲ್ಲಿಸುವದು ಒಳ್ಳೇದೆಂದು ನಾವು ನೆನಸುತ್ತೇವೆ. ಕಾಣಿಕೆ ಇಳಿದರೆ ಇಳಿಯಲಿ.

ಬಡ ವಿಧವೆಯ ಕಾಣಿಕೆಯು ಬೇರೆ ತರದ್ದು. ಆಕೆಯ ಎರಡು ಕಾಸು ರೋಮಿನವರ ಒಂದು ಕ್ವಾದ್ರಾಂತಕ್ಕೆ ಸಮವೆಂದು ಮಾರ್ಕನು ಬರೆದಿದ್ದಾನೆ. ಅಂಥ 64 ಕೂಡಿದರೆ ಕೂಲಿಯವನ ಒಂದು ದಿನದ ಸಂಬಳವಾದ ಬೆಳ್ಳಿಯ ನಾಣ್ಯ. 1957ಕ್ಕೆ ಮುಂಚಿನ ಕಲದಾರ ರೂಪಾಯಿಗೂ 16 ಆಣೆ, ಆಣೆಗೆ 4 ಪೈಸೆ, ಒಟ್ಟಿಗೆ 64 ಪೈಸೆ. ದಿನಗೂಲಿ ಒಂದು ರೂಪಾಯಿಯಾದರೆ ಆಕೆ ಹಾಕಿದ್ದು ಸರಿಯಾಗಿ ಒಂದು ಹಳೇ ಪೈಸೆ. ಅದು ಕಡ ತಂದದ್ದಲ್ಲ. ಆಕೆಯ ಕೈಯಲ್ಲಿ ಇದ್ದದ್ದು. ಆದಕಾರಣ ಔರಾದಿನ ತಾಯಿಗೆ ನಮ್ಮ ಉತ್ತರವಿದು: ಸಾಲವಿದ್ದವರು ಕಾಣಿಕೆ ಹಾಕಬಹುದು, ಆದರೆ ಕೈಯಲ್ಲಿ ಇದ್ದದ್ದರಿಂದ, ದುಡಿದ ಕೂಲಿಯಿಂದ, ಒಂದು ರೂಪಾಯಿಯಾದರೂ ಸಾಕು. ಸಾಹುಕಾರನಿಗೆ ಹೇಳಿದ ದಿನದ ಹಣವನ್ನು ಮುಟ್ಟಿ ಹಾಕಬಾರದು, ಹಾಕುವದಕ್ಕೆಂದು ಹೊಸ ಕಡ ತರಬಾರದು. ತಟ್ಟೆ ಹಿಡಿದವರು ಯಾರ ಕೈಯನ್ನೂ ನೋಡಬಾರದು.

ಇದನ್ನು ಹೇಳಲು ಹೋದ ತಿಂಗಳು ಆ ಊರಿಗೆ ತಿರುಗಿ ಹೋದೆವು. ಆಕೆ ಸಮಾಧಾನದಿಂದ ಕೇಳಿ, ಒಳಗಿನಿಂದ ಒಂದು ಮಣ್ಣಿನ ಕುಡಿಕೆಯನ್ನು ತಂದಳು. ಅದರಲ್ಲಿ ಹುಣಸೆಬೀಜಗಳು. ಹತ್ತು ರೂಪಾಯಿ ಉಳಿದಾಗಲೆಲ್ಲಾ ಸಂಘದ ಪೆಟ್ಟಿಗೆಗೆ ಕಟ್ಟಿ ಒಂದು ಬೀಜ ಹಾಕುತ್ತಾಳಂತೆ. ಎಣಿಸಿದೆವು, 61 ಇದ್ದವು. ಅಸಲಿಗೆಂದು ಒಂದು ಸಾವಿರ ಕೊಡಲು ಇನ್ನೆಷ್ಟು ಬೇಕೆಂದು ಆಕೆ ಕೇಳಿದಾಗ ನಾವು ಬಾಯಿ ತೆರೆಯುವ ಮುಂಚೆ ಆರನೆಯ ತರಗತಿಯ ಮೊಮ್ಮಗಳು 39 ಎಂದಳು. ಆ ದಿನ ಬಂದಾಗ ನಾವೂ ಸಾಹುಕಾರನ ಮನೆಗೆ ಸಂಗಡ ಬರಬೇಕೆಂದು ಆಕೆ ಕೇಳಿಕೊಂಡಳು. ಸಾವಿರವನ್ನು ಅವನು ಬಡ್ಡಿಗೆ ಬರೆಯದೆ ಅಸಲಿಗೆ ಬರೆಯುವದನ್ನು ಓದಬಲ್ಲವರು ನೋಡಬೇಕಂತೆ. ಬರುತ್ತೇವೆಂದು ಒಪ್ಪಿಕೊಂಡೆವು.