ಪಹಣಿಯಲ್ಲಿಲ್ಲದ ಹೆಸರು

ಕೊರೋನಾ ಬಂದ 2020ರಲ್ಲಿ ಎಲ್ಲರ ಬಾಯಲ್ಲೂ ಒಂದು ಮಾತಿತ್ತು: ರೋಗಕ್ಕೆ ಬಡವ ಬಲ್ಲಿದ, ಗಂಡು ಹೆಣ್ಣು ಎಂಬ ಭೇದವಿಲ್ಲ. ಕೇಳಲು ಹಿತವಾದ ಮಾತು. ಆದರೆ ಆ ರೋಗ ಕಾಲಿಟ್ಟ ಮನೆಗಳಲ್ಲಿ ಭೇದ ಮೊದಲಿನಿಂದಲೂ ಇತ್ತಲ್ಲ? ರೈತರ ಮನೆಗಳನ್ನು ನೋಡಿದಾಗ ನನಗೆ ಹಾಗೆನಿಸಿತು.

ನಾನು ಪಾಠ ಹೇಳುವುದು ಚಿಕ್ಕಬಳ್ಳಾಪುರ ಸೀಮೆಯ ಒಂದು ಊರಿನಲ್ಲಿ. ಸುತ್ತಲಿನ ಹಳ್ಳಿಗಳಲ್ಲಿ ರೇಷ್ಮೆಯೇ ಜೀವನ. ಹುಳುವಿಗೆ ಲಾಕ್‌ಡೌನ್ ಎಂದರೆ ಏನು ಗೊತ್ತು? ನಾಲ್ಕು ಜ್ವರ ಎದ್ದು ಹಣ್ಣಾಗುವವರೆಗೆ, ಹೆಚ್ಚುಕಡಿಮೆ 25 ದಿನ, ಹೊತ್ತುಹೊತ್ತಿಗೆ ಸೊಪ್ಪು ಬೇಕು. ಕೊನೆಯ ವಾರ ರಾತ್ರಿಯೂ ಬೇಕು. ಸೊಪ್ಪು ಹಾಕುವುದು, ಕಸ ತೆಗೆಯುವುದು, ಹಣ್ಣು ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವುದು ಬಹುಮಟ್ಟಿಗೆ ಹೆಂಗಸರ ಕೆಲಸ. ಗೂಡನ್ನು ಮಾರುಕಟ್ಟೆಗೆ ಒಯ್ದು ಹಣ ಎಣಿಸಿಕೊಳ್ಳುವುದು ಗಂಡಸರದು.

ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಾಗ ಗಂಡಸರು ಪಟ್ಟ ಪಾಡು ಸಣ್ಣದಲ್ಲ. ಗೂಡಿನ ಬೆಲೆ ಕುಸಿಯಿತು, ಸಾಗಿಸಲು ವಾಹನವಿಲ್ಲ. ಸಾಲದ ಪತ್ರದಲ್ಲಿ ಅವರ ಹೆಸರಿದ್ದುದರಿಂದ ಮರ್ಯಾದೆಯ ಪ್ರಶ್ನೆಯೂ ಅವರದೇ. ಇದನ್ನು ಮರೆತು ಮಾತನಾಡಿದರೆ ಅನ್ಯಾಯವಾದೀತು. ಆದರೆ ಸಂತೆ, ಮಾರುಕಟ್ಟೆಯ ಓಡಾಟ ನಿಂತಾಗ ಅವರಿಗೆ ಕೆಲಸ ಕಡಿಮೆಯಾಯಿತು, ಹೆಂಗಸರಿಗೆ ಹೆಚ್ಚಾಯಿತು. ಬೆಂಗಳೂರಿನಲ್ಲಿದ್ದ ಮೈದುನಂದಿರು ಸಂಸಾರ ಸಮೇತ ಊರಿಗೆ ಬಂದರು. ಶಾಲೆ ಮುಚ್ಚಿ ಬಿಸಿಯೂಟವೂ ನಿಂತಿತು. “ಎಲ್ರಿಗೂ ರಜಾ ಮೇಡಂ. ಹುಳಕ್ಕೂ ಹಸಿವು, ಮನೆಯೋರಿಗೂ ಹಸಿವು, ನಮಗೆಲ್ಲಿ ರಜಾ?” ಎಂದು ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ನಕ್ಕಳು.

ಸರ್ಕಾರದ ನೆರವೂ ಬಂತು. ಕಿಸಾನ್ ಸಮ್ಮಾನ್ ಯೋಜನೆಯ 2000 ರೂಪಾಯಿಯ ಕಂತು ಏಪ್ರಿಲ್‌ನಲ್ಲೇ ಕೈಸೇರಿತು, ಯಾರ ಹೆಸರಿಗೆ ಜಮೀನಿತ್ತೋ ಅವರಿಗೆ. ಜನಧನ್ ಖಾತೆಯಿದ್ದ ಹೆಂಗಸರಿಗೆ ತಿಂಗಳಿಗೆ 500ರಂತೆ ಮೂರು ತಿಂಗಳು ಬಂತು. ಅದು ಬಂದದ್ದು ಹೆಂಗಸೆಂದು, ರೈತಳೆಂದಲ್ಲ. ನಮ್ಮ ದೇಶದ ಹಳ್ಳಿಗಳಲ್ಲಿ ದುಡಿಯುವ ಹೆಂಗಸರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಬೇಸಾಯದಲ್ಲಿದ್ದಾರೆ. 2015-16ರ ಕೃಷಿ ಗಣತಿಯಂತೆ ಹೆಂಗಸರ ಹೆಸರಿನ ಹಿಡುವಳಿಗಳು ನೂರಕ್ಕೆ ಸುಮಾರು 14 ಮಾತ್ರ. ತರಗತಿಯಲ್ಲಿ ಲಿಂಗ ಬದಲಿಸಿ ಬರೆಯಲು ಹೇಳಿದರೆ ‘ರೈತ’ ಎಂಬುದಕ್ಕೆ ಮಕ್ಕಳು ‘ರೈತನ ಹೆಂಡತಿ’ ಎಂದು ಬರೆಯುತ್ತಾರೆ. ಅವರು ಕಂಡದ್ದನ್ನೇ ಬರೆಯುತ್ತಾರೆ!

ಮನೆ ಒಂದೇ ಅಲ್ಲವೇ, ಹಣ ಯಾರ ಹೆಸರಿಗೆ ಬಂದರೇನು ಎಂದು ನೀವು ಕೇಳಬಹುದು. ಉಣ್ಣುವಾಗ ಮನೆ ಒಂದೇ, ನಿಜ. ಆದರೆ ಸಾವು ಬಂದಾಗ? 2021ರ ಎರಡನೇ ಅಲೆಯಲ್ಲಿ ಪಕ್ಕದ ಹಳ್ಳಿಯ ಒಬ್ಬಾಕೆ ಗಂಡನನ್ನು ಕಳೆದುಕೊಂಡಳು. ಹದಿನೆಂಟು ವರ್ಷ ಆ ಹಿಪ್ಪುನೇರಳೆ ತೋಟಕ್ಕೆ ನೀರು ಕಟ್ಟಿದವಳು. ಪಹಣಿಯಲ್ಲಿ ಇನ್ನೂ ಎಂದೋ ತೀರಿಕೊಂಡ ಮಾವನ ಹೆಸರಿತ್ತು. ಪೌತಿ ಖಾತೆಗೆಂದು ವಂಶವೃಕ್ಷ, ಮರಣಪತ್ರ ಹಿಡಿದು ಆಕೆ ಅಲೆದಳು. ಸಾಲ ಕೇಳಲು ಹೋದಲ್ಲಿ “ಜಮೀನು ಯಾರದಮ್ಮಾ?” ಎಂದರು. ಅವಳಿಗೆ ಉತ್ತರ ಹೊಳೆಯಲಿಲ್ಲ.

ಭೂಮಿ ಯಾರದು, ಹೆಸರಿದ್ದವರದೋ ದುಡಿದವರದೋ? ಹೆಣ್ಣಿನ ಪಾಲಿಗೆ ಇದು ಇನ್ನೂ ಕಗ್ಗಂಟಾಗಿಯೇ ಇದೆ. ಗಂಡ ಇರುವತನಕ ದುಡಿದ ಹೊಲದ ಮೇಲೆ ಹೆಂಡತಿಗೆ ಹಕ್ಕಿಲ್ಲ. ತಂದೆಯ ಪಿತ್ರಾರ್ಜಿತದಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಸಮಪಾಲು ಎಂದು ಕರ್ನಾಟಕ 1994ರಲ್ಲಿಯೇ ಕಾನೂನು ಮಾಡಿತು. 2005ರಲ್ಲಿ ಇಡೀ ದೇಶಕ್ಕೆ ಬಂತು. ಅದು ಹುಟ್ಟಿನಿಂದಲೇ ಬರುವ ಹಕ್ಕೆಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಹೇಳಿತು. ಆದರೂ ತವರಿನ ಬಾಗಿಲು ಮುಚ್ಚೀತೆಂಬ ಭಯಕ್ಕೆ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕುವವರೇ ಹೆಚ್ಚು.

ಹೆಣ್ಣು ಭೂದೇವಿಯೆಂದು, ಸಹನಾಮೂರ್ತಿಯೆಂದು ನಾವು ಬೇಕಾದಷ್ಟು ಹೊಗಳಿದ್ದೇವೆ. ಹೊಗಳಿಕೆಯ ಮೇಲೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಗಂಡ ಹೆಂಡತಿ ಇಬ್ಬರ ಹೆಸರೂ ಪಹಣಿಯಲ್ಲಿರಲಿ ಎಂದರೆ ಅದು ಸಂಸಾರ ಒಡೆಯುವ ಮಾತಲ್ಲ. ಮನೆ ಒಂದೇ ಎಂಬುದು ನಿಜವಾದರೆ ಎರಡನೆಯ ಹೆಸರು ಬರೆಯಲು ಅಡ್ಡಿಯೇನು?